ಮೊದಲ ಸಂಬಳದ ಚೀಟಿಯನ್ನು ಓದುವ ಬಗೆ: ಸಿಟಿಸಿಯಿಂದ ಕೈಗೆ ಬರುವ ಹಣದವರೆಗೆ

ವರ್ಷಕ್ಕೆ ಆರು ಲಕ್ಷ ರೂಪಾಯಿಯ ಕೆಲಸ ಸಿಕ್ಕಿದ ಕೂಡಲೇ ಬಹುತೇಕ ಎಲ್ಲರೂ ಮಾಡುವ ಮೊದಲ ಲೆಕ್ಕವೆಂದರೆ ಆರು ಲಕ್ಷವನ್ನು ಹನ್ನೆರಡರಿಂದ ಭಾಗಿಸುವುದು. ತಿಂಗಳಿಗೆ ಐವತ್ತು ಸಾವಿರ ಎಂಬ ಆ ಉತ್ತರದ ಮೇಲೆಯೇ ಪಿಜಿಯ ಬಾಡಿಗೆ, ಶಿಕ್ಷಣ ಸಾಲದ ಕಂತು, ಮನೆಗೆ ಕಳಿಸುವ ಹಣ ಎಲ್ಲವೂ ನಿಶ್ಚಯವಾಗುತ್ತವೆ. ತಿಂಗಳ ಕೊನೆಗೆ ಖಾತೆಗೆ ನಲವತ್ತು ಸಾವಿರದ ಆಸುಪಾಸು ಜಮೆಯಾದಾಗ ಮೊದಲ ಬೈಗುಳ ಬೀಳುವುದು ಆದಾಯ ತೆರಿಗೆಗೆ, ಎರಡನೆಯದು ಪಿಎಫ್‌ಗೆ, ಅಂದರೆ ನೌಕರರ ಭವಿಷ್ಯ ನಿಧಿಗೆ. ವಾಸ್ತವದಲ್ಲಿ ಆರು ಲಕ್ಷದ ಸಂಬಳಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಒಂದು ರೂಪಾಯಿಯೂ ಆದಾಯ ತೆರಿಗೆ ಇಲ್ಲ. ಕಡಿಮೆಯಾದ ಹಣದ ಬಹುಪಾಲು ಸಂಬಳದ ಚೀಟಿಯ ‘ಕಡಿತಗಳು’ ಎಂಬ ಕಾಲಂನಲ್ಲಿ ಕಾಣಿಸುವುದೇ ಇಲ್ಲ. ಅದು ಚೀಟಿ ತಯಾರಾಗುವ ಮೊದಲೇ ಬದಿಗೆ ಸರಿದಿರುತ್ತದೆ. ಆದ್ದರಿಂದ ಓದಲು ಆರಂಭಿಸಬೇಕಾದದ್ದು ಸಂಬಳದ ಚೀಟಿಯಿಂದಲ್ಲ, ಅದಕ್ಕಿಂತ ಮೊದಲು ಕೈಗೆ ಬಂದಿರುವ ಆಫರ್ ಲೆಟರ್‌ನ ಅನುಬಂಧದಿಂದ.

ಇಲ್ಲಿನ ಲೆಕ್ಕಗಳು ಕರ್ನಾಟಕದ ಖಾಸಗಿ ಕಂಪನಿಯೊಂದರಲ್ಲಿ ಪೂರ್ಣಾವಧಿ ಕೆಲಸಕ್ಕೆ ಸೇರಿದವರಿಗೆ ಅನ್ವಯಿಸುತ್ತವೆ. ಆದಾಯ ತೆರಿಗೆಯ ದರಗಳನ್ನು 2025-26ನೇ ಆರ್ಥಿಕ ವರ್ಷದ ಪ್ರಕಾರ ಕೊಟ್ಟಿದ್ದೇನೆ.

ಹಂತ 1: ಆಫರ್ ಲೆಟರ್‌ನ ಅನುಬಂಧವನ್ನು ಬಿಡಿಸಿ ನೋಡಿ

ಸಿಟಿಸಿ ಎಂದರೆ ನಿಮ್ಮನ್ನು ಕೆಲಸದಲ್ಲಿ ಇರಿಸಿಕೊಳ್ಳಲು ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ. ಅದು ನಿಮ್ಮ ಸಂಬಳವಲ್ಲ. ಆರು ಲಕ್ಷದ ಸಿಟಿಸಿಯ ಒಂದು ಮಾದರಿಯನ್ನು ನೋಡೋಣ. ಮೂಲ ವೇತನ ವರ್ಷಕ್ಕೆ 3,00,000 ರೂ., ಅಂದರೆ ತಿಂಗಳಿಗೆ 25,000 ರೂ. ಮನೆ ಬಾಡಿಗೆ ಭತ್ಯೆ ತಿಂಗಳಿಗೆ 10,000 ರೂ. ವಿಶೇಷ ಭತ್ಯೆ ತಿಂಗಳಿಗೆ 7,500 ರೂ. ಈ ಮೂರೂ ಸೇರಿದರೆ ತಿಂಗಳಿಗೆ 42,500 ರೂ. ಆಗುತ್ತದೆ, ಇದೇ ಗ್ರಾಸ್ ಸಂಬಳ. ಉಳಿದ ಬಾಬ್ತುಗಳು ಹೀಗಿವೆ: ಪಿಎಫ್‌ಗೆ ಕಂಪನಿಯ ಪಾಲು ವರ್ಷಕ್ಕೆ 21,600 ರೂ., ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) 14,430 ರೂ., ಗುಂಪು ಆರೋಗ್ಯ ವಿಮೆಯ ಪ್ರೀಮಿಯಂ 5,970 ರೂ., ಕಾರ್ಯಕ್ಷಮತೆಯನ್ನು ಆಧರಿಸಿದ ವೇರಿಯಬಲ್ ವೇತನ 48,000 ರೂ. ಈ ನಾಲ್ಕರ ಮೊತ್ತ 90,000 ರೂ., ತಿಂಗಳಿಗೆ 7,500 ರೂ. ಐವತ್ತು ಸಾವಿರ ಎಂದುಕೊಂಡಿದ್ದು ನಲವತ್ತೆರಡೂವರೆ ಸಾವಿರಕ್ಕೆ ಇಳಿದದ್ದು ಇಲ್ಲಿಯೇ, ಸರ್ಕಾರ ಇನ್ನೂ ಕೈ ಹಾಕುವ ಮೊದಲೇ.

ಈ ನಾಲ್ಕು ಬಾಬ್ತುಗಳು ಒಂದೇ ತೂಕದವಲ್ಲ. ಪಿಎಫ್‌ನಲ್ಲಿ ಕಂಪನಿಯ ಪಾಲು ನಿಮ್ಮದೇ ಹಣ, ಈಗ ಕೈಗೆ ಸಿಗದಿದ್ದರೂ ನಿಮ್ಮ ಹೆಸರಿನಲ್ಲಿ ಜಮೆಯಾಗುತ್ತದೆ. ಗ್ರಾಚ್ಯುಟಿಯ ಕಥೆ ಬೇರೆ. ಪ್ರತಿ ವರ್ಷದ ಸೇವೆಗೆ ಹದಿನೈದು ದಿನಗಳ ವೇತನ ಎಂಬ ಸೂತ್ರದಂತೆ ಮೂಲ ವೇತನದ ಶೇ. 4.81ರಷ್ಟನ್ನು ಕಂಪನಿಗಳು ಸಿಟಿಸಿಯಲ್ಲಿ ತೋರಿಸುತ್ತವೆ. ಆದರೆ ಕಾಯಂ ನೌಕರನಿಗೆ ಅದರ ಹಕ್ಕು ಹುಟ್ಟುವುದು ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆಯ ನಂತರ. ಎರಡು ವರ್ಷಕ್ಕೆ ಕೆಲಸ ಬದಲಿಸುವ ಉದ್ದೇಶ ಇರುವವರ ಪಾಲಿಗೆ ಈ 14,430 ರೂ. ಕಾಗದದ ಮೇಲಿನ ಅಂಕಿ ಮಾತ್ರ. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಹೊಸ ಕಾರ್ಮಿಕ ಸಂಹಿತೆಯಲ್ಲಿ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ದೊರೆಯುತ್ತದೆ. ವೇರಿಯಬಲ್ ವೇತನವಂತೂ ಕಂಪನಿಯ ಲಾಭ, ತಂಡದ ಸಾಧನೆ, ನಿಮ್ಮ ಮೌಲ್ಯಮಾಪನ ಮೂರನ್ನೂ ನೆಚ್ಚಿಕೊಂಡಿರುತ್ತದೆ. ಅದನ್ನು ತಿಂಗಳ ಖರ್ಚಿನ ಲೆಕ್ಕಕ್ಕೆ ಸೇರಿಸಲೇಬಾರದು. ಎರಡು ಆಫರ್‌ಗಳನ್ನು ಹೋಲಿಸುವಾಗ ಸಿಟಿಸಿಯನ್ನು ಬಿಟ್ಟು ತಿಂಗಳ ಗ್ರಾಸ್ ಸಂಬಳವನ್ನು ಎದುರುಬದುರಾಗಿ ಇಡುವುದು ನ್ಯಾಯವಾದ ಕ್ರಮ. ಆರೂವರೆ ಲಕ್ಷದ ಆಫರ್ ಆರು ಲಕ್ಷದ ಆಫರ್‌ಗಿಂತ ಕಡಿಮೆ ಹಣ ಕೈಗೆ ಕೊಡುವುದು ಅಪರೂಪವೇನಲ್ಲ.

ಇನ್ನು ಮೂಲ ವೇತನದ ಪ್ರಮಾಣ. ಮೊದಲೆಲ್ಲ ಕಂಪನಿಗಳು ಅದನ್ನು ಶೇ. 30ಕ್ಕೋ 35ಕ್ಕೋ ಇಳಿಸಿ ಉಳಿದದ್ದನ್ನು ಭತ್ಯೆಗಳಲ್ಲಿ ತುಂಬುತ್ತಿದ್ದವು, ಏಕೆಂದರೆ ಪಿಎಫ್ ಮತ್ತು ಗ್ರಾಚ್ಯುಟಿ ಎರಡರ ಬುಡವೂ ಮೂಲ ವೇತನವೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದ ವ್ಯಾಖ್ಯೆಯಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಇದರಿಂದ ಗ್ರಾಚ್ಯುಟಿಯ ಮೊತ್ತ ಹೆಚ್ಚುತ್ತದೆ. ಪಿಎಫ್ ಅನ್ನು ಕಾನೂನಿನ ಮಿತಿಯಾದ 15,000 ರೂ. ಮೇಲೆ ಮಾತ್ರ ಕಟ್ಟುವವರ ಕೈಗೆ ಬರುವ ಸಂಬಳ ಇದರಿಂದ ಕಡಿಮೆಯಾಗುವುದಿಲ್ಲವೆಂದು ಕೇಂದ್ರ ಕಾರ್ಮಿಕ ಸಚಿವಾಲಯ ಸ್ಪಷ್ಟಪಡಿಸಿದೆ.

ಹಂತ 2: ಪಿಎಫ್ ಕಡಿತವನ್ನು ಪರಿಶೀಲಿಸಿ

ಹೊಸಬರಿಗೆ ಹೆಚ್ಚು ಗೊಂದಲ ಆಗುವುದೂ, ಕಂಪನಿಗಳ ಲೆಕ್ಕ ವಿಭಾಗ ಹೆಚ್ಚು ತಪ್ಪುವುದೂ ಇಲ್ಲಿಯೇ ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ನೌಕರನ ಪಾಲು ಮೂಲ ವೇತನ ಮತ್ತು ತುಟ್ಟಿ ಭತ್ಯೆಯ ಶೇ. 12, ಅಷ್ಟೇ ಮೊತ್ತವನ್ನು ಕಂಪನಿಯೂ ಕಟ್ಟಬೇಕು. ಕಾನೂನಿನ ಪ್ರಕಾರ ಕಡ್ಡಾಯವಾದದ್ದು ತಿಂಗಳಿಗೆ 15,000 ರೂ. ವರೆಗಿನ ವೇತನದ ಮೇಲೆ. 2014ರ ಸೆಪ್ಟೆಂಬರ್‌ನಿಂದ ಈ ಮಿತಿ ಹೀಗೆಯೇ ಇದೆ. ಆದ್ದರಿಂದ ಕಂಪನಿಗಳಲ್ಲಿ ಎರಡು ರೂಢಿಗಳಿವೆ. ಕೆಲವು 15,000ದ ಶೇ. 12, ಅಂದರೆ 1,800 ರೂ. ಮಾತ್ರ ಕಡಿಯುತ್ತವೆ. ಮತ್ತೆ ಕೆಲವು ಪೂರ್ಣ ಮೂಲ ವೇತನದ ಮೇಲೆ ಕಡಿಯುತ್ತವೆ.

ನಮ್ಮ ಮಾದರಿಯಲ್ಲಿ ಮೂಲ ವೇತನ 25,000 ರೂ. ಇರುವುದರಿಂದ ಎರಡನೆಯ ರೂಢಿಯಲ್ಲಿ ನಿಮ್ಮ ಪಾಲು 3,000 ರೂ. ಆಗುತ್ತದೆ. ಕಂಪನಿಯ ಪಾಲೂ 3,000ಕ್ಕೆ ಏರುತ್ತದೆ, ಮತ್ತು ಅದು ಅದೇ ಆರು ಲಕ್ಷದ ಒಳಗೇ ಹೊಂದಬೇಕಾದ್ದರಿಂದ ಹೆಚ್ಚುವರಿ 1,200 ರೂ. ವಿಶೇಷ ಭತ್ಯೆಯಿಂದ ಹೋಗುತ್ತದೆ. ಗ್ರಾಸ್ 41,300 ರೂ.ಗೆ ಇಳಿಯುತ್ತದೆ, ನಿಮ್ಮ ಕಡಿತ 1,200 ರೂ. ಏರುತ್ತದೆ, ಕೈಗೆ ಬರುವುದು 2,400 ರೂ. ಕಡಿಮೆಯಾಗುತ್ತದೆ. ಆ 2,400 ರೂ. ಎಲ್ಲಿಯೂ ಕಳೆದುಹೋಗಿಲ್ಲ, ಪಿಎಫ್ ಖಾತೆಯಲ್ಲಿದೆ. 2024-25ಕ್ಕೆ ಅದರ ಬಡ್ಡಿ ದರ ಶೇ. 8.25 ಇತ್ತು. ಆಯ್ಕೆ ನಿಮಗೆ ಬಿಟ್ಟಿದ್ದರೆ, ಶೇ. 11ರ ಬಡ್ಡಿಯ ಶಿಕ್ಷಣ ಸಾಲ ಇರುವವರು 1,800ರಲ್ಲಿ ನಿಂತು ಉಳಿದದ್ದನ್ನು ಸಾಲಕ್ಕೆ ಕಟ್ಟುವುದು ಲೆಕ್ಕದಲ್ಲಿ ಸರಿ ಎಂದು ನನ್ನ ಅಭಿಪ್ರಾಯ. ಸಾಲ ಇಲ್ಲದವರು, ಕೈಯಲ್ಲಿ ಹಣ ನಿಲ್ಲುವುದಿಲ್ಲ ಎಂದು ತಮ್ಮ ಸ್ವಭಾವ ಬಲ್ಲವರು, ಪೂರ್ಣ ಪಾಲನ್ನೇ ಆರಿಸಿಕೊಳ್ಳಲಿ.

ಕಂಪನಿಯ ಪಾಲು ಪೂರ್ತಿಯಾಗಿ ಪಿಎಫ್ ಖಾತೆಗೇ ಹೋಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಮೂಲ ವೇತನ 15,000 ರೂ. ಅಥವಾ ಅದಕ್ಕಿಂತ ಕಡಿಮೆ ಇದ್ದು ಮೊದಲ ಬಾರಿಗೆ ಸೇರುವವರ ವಿಷಯದಲ್ಲಿ ಕಂಪನಿಯ ಶೇ. 12ರಲ್ಲಿ ಶೇ. 8.33 ಭಾಗ 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ ಶೇ. 3.67 ಪಿಎಫ್ ಖಾತೆಗೆ ಬೀಳುತ್ತದೆ. 15,000 ರೂ. ವೇತನದಲ್ಲಿ ಇದು 1,250 ಮತ್ತು 550 ರೂ. ಆಗುತ್ತದೆ. ಆದರೆ 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್ ಸದಸ್ಯರಾಗುವವರ ವೇತನ ಸೇರುವಾಗಲೇ 15,000 ರೂ. ಮೀರಿದ್ದರೆ ಅವರು ಪಿಂಚಣಿ ಯೋಜನೆಯ ಸದಸ್ಯರಾಗುವಂತಿಲ್ಲ. ಕಂಪನಿಯ ಪೂರ್ಣ ಪಾಲು ಅವರ ಪಿಎಫ್ ಖಾತೆಗೇ ಸೇರಬೇಕು. ನಮ್ಮ ಮಾದರಿಯ ನೌಕರ ಈ ಗುಂಪಿನವನು. ಲೆಕ್ಕ ವಿಭಾಗದವರು ಅಭ್ಯಾಸಬಲದಿಂದ 1,250 ರೂ.ಗಳನ್ನು ಪಿಂಚಣಿ ಕಾಲಂಗೆ ಹಾಕಿಬಿಡುವುದುಂಟು, ಮತ್ತು ಅದು ಬೆಳಕಿಗೆ ಬರುವುದು ವರ್ಷಗಳ ನಂತರ, ಹಣ ವರ್ಗಾಯಿಸಲು ಅಥವಾ ಹಿಂಪಡೆಯಲು ಅರ್ಜಿ ಹಾಕಿದಾಗ. ಎರಡನೆಯ ತಿಂಗಳಲ್ಲಿಯೇ ಇಪಿಎಫ್‌ಒದ, ಅಂದರೆ ಪಿಎಫ್ ನಡೆಸುವ ಕೇಂದ್ರ ಸಂಸ್ಥೆಯ, ಪಾಸ್‌ಬುಕ್ ತೆರೆದು ಪಿಂಚಣಿಯ ಕಾಲಂ ಸೊನ್ನೆ ಇದೆಯೇ ಎಂದು ನೋಡಿದರೆ, ಒಂದು ಇ-ಮೇಲ್‌ನಲ್ಲಿ ಮುಗಿಯುವ ಕೆಲಸ ಇದು.

ಮೂಲ ವೇತನ 15,000 ಮೀರಿದ ಹೊಸಬರಿಗೆ, ಸೇರುವ ದಿನ ಫಾರ್ಮ್ 11ರಲ್ಲಿ ಘೋಷಿಸಿ ಪಿಎಫ್‌ನಿಂದಲೇ ಹೊರಗುಳಿಯುವ ಅವಕಾಶವೂ ಇದೆ. ಒಮ್ಮೆ ಸದಸ್ಯರಾದ ಮೇಲೆ ಕೆಲಸದಲ್ಲಿ ಇರುವಾಗ ಹೊರಬರಲು ಆಗುವುದಿಲ್ಲ. ಸೇರ್ಪಡೆಯ ದಿನ ಮುಂದಿಟ್ಟ ಕಾಗದಗಳ ರಾಶಿಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ ಎಂದು ಹೇಳುವುದು ಇದಕ್ಕಾಗಿಯೇ.

ಯುಎಎನ್ ಎಂಬ ಹನ್ನೆರಡು ಅಂಕಿಯ ಪಿಎಫ್ ಸದಸ್ಯತ್ವದ ಸಂಖ್ಯೆ ಜೀವನಪೂರ್ತಿ ಒಂದೇ. ಉಮಂಗ್ ಆ್ಯಪ್‌ನಲ್ಲಿ ಅದನ್ನು ಸಕ್ರಿಯಗೊಳಿಸಿಕೊಂಡು ನಾಮಿನಿಯನ್ನು ನಮೂದಿಸಿ. ನಮ್ಮ ಕಡೆಯ ಹೆಸರುಗಳದ್ದು ಇಲ್ಲೊಂದು ವಿಶೇಷ ಸಮಸ್ಯೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು, ಆಧಾರ್‌ನಲ್ಲಿ ಇನಿಷಿಯಲ್ ಇಲ್ಲದ ಬರೀ ಹೆಸರು, ಪ್ಯಾನ್‌ನಲ್ಲಿ ತಂದೆಯ ಪೂರ್ಣ ಹೆಸರೇ ಕುಲನಾಮ. ಪಿಎಫ್ ದಾಖಲೆಯ ಹೆಸರು ಆಧಾರ್‌ಗೆ ಹೊಂದದಿದ್ದರೆ ಹಣ ಹಿಂಪಡೆಯುವ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಸೇರುವ ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಿ.

ಹಂತ 3: ಇಎಸ್‌ಐ ನಿಮಗೆ ಅನ್ವಯಿಸುತ್ತದೆಯೇ ನೋಡಿ

ಗ್ರಾಸ್ ಸಂಬಳ ತಿಂಗಳಿಗೆ 21,000 ರೂ. ಮೀರದವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯಿಸುತ್ತದೆ. 2019ರ ಜುಲೈಯಿಂದ ನೌಕರನ ಪಾಲು ಶೇ. 0.75, ಕಂಪನಿಯ ಪಾಲು ಶೇ. 3.25. ಗಾರ್ಮೆಂಟ್ ಕಾರ್ಖಾನೆಯಲ್ಲೋ ಆಸ್ಪತ್ರೆಯ ಮುಂಗಟ್ಟೆಯಲ್ಲೋ 18,000 ರೂ. ಸಂಬಳಕ್ಕೆ ಸೇರಿದವರಿಗೆ ಕಡಿತ 135 ರೂ., ಕಂಪನಿ ಕಟ್ಟುವುದು 585 ರೂ. ಅಷ್ಟು ಕಡಿಮೆ ಹಣಕ್ಕೆ ನೌಕರನಿಗೂ ಅವಲಂಬಿತರಿಗೂ ಚಿಕಿತ್ಸೆ, ಕಾಯಿಲೆಯ ರಜೆಯಲ್ಲಿ ನಗದು ನೆರವು, ಹೆರಿಗೆ ಸೌಲಭ್ಯ ದೊರೆಯುತ್ತವೆ. ಬೆಂಗಳೂರಿನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯನ್ನು ಕಾರ್ಮಿಕರ ಮನೆಗಳಲ್ಲಿ ತಿಳಿಯದವರಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಿದ್ದು, ನಡುವೆ ಸಂಬಳ 21,000 ದಾಟಿದರೂ ಆ ಅವಧಿ ಮುಗಿಯುವವರೆಗೆ ಕಡಿತವೂ ಸೌಲಭ್ಯವೂ ಮುಂದುವರಿಯುತ್ತವೆ. ಸಂಬಳ ಏರಿದ ಮೇಲೂ ಇಎಸ್‌ಐ ಕಡಿದರೆಂದು ಜಗಳಕ್ಕೆ ನಿಲ್ಲಬೇಕಾಗಿಲ್ಲ.

ಹಂತ 4: ವೃತ್ತಿ ತೆರಿಗೆ

ಇದು ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂ. ಅಥವಾ ಹೆಚ್ಚಿದ್ದರೆ ತಿಂಗಳಿಗೆ 200 ರೂ. 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಲ್ಲಿ ಮಾತ್ರ 300 ರೂ. ಕಡಿಯುತ್ತಾರೆ. ಸಂವಿಧಾನದ 276ನೇ ವಿಧಿ ವೃತ್ತಿ ತೆರಿಗೆಗೆ ವರ್ಷಕ್ಕೆ 2,500 ರೂ.ಗಳ ಗರಿಷ್ಠ ಮಿತಿ ಹಾಕಿದೆ. ಹನ್ನೊಂದು ತಿಂಗಳ 2,200ಕ್ಕೆ ಈ 300 ಸೇರಿಸಿ ರಾಜ್ಯ ಆ ಮಿತಿಯನ್ನು ಸರಿಯಾಗಿ ಮುಟ್ಟಿದೆ. ಡಿಸೆಂಬರ್ ಚೀಟಿಯಲ್ಲಿ ಕಾರ್ಮಿಕ ಕಲ್ಯಾಣ ನಿಧಿ ಎಂದು ಅಲ್ಪ ಮೊತ್ತವೊಂದು ಕಾಣಿಸಿದರೆ ಅದು ವರ್ಷಕ್ಕೊಮ್ಮೆಯ ಕಡಿತ.

ಇಲ್ಲಿಗೆ ನಮ್ಮ ಮಾದರಿಯ ಲೆಕ್ಕ ಪೂರ್ಣವಾಗುತ್ತದೆ: ಗ್ರಾಸ್ 42,500 ರೂ., ಪಿಎಫ್ 1,800, ವೃತ್ತಿ ತೆರಿಗೆ 200, ಕೈಗೆ 40,500 ರೂ. ಐವತ್ತು ಸಾವಿರದಿಂದ ತಪ್ಪಿದ 9,500 ರೂ.ಗಳಲ್ಲಿ ಚೀಟಿಯ ಕಡಿತದ ಕಾಲಂನಲ್ಲಿ ಕಂಡದ್ದು ಕೇವಲ 2,000 ರೂ.

ಹಂತ 5: ಆದಾಯ ತೆರಿಗೆ, ಅಂದರೆ ಟಿಡಿಎಸ್

ನೀವು ಏನನ್ನೂ ಹೇಳದಿದ್ದರೆ ಕಂಪನಿ ಹೊಸ ತೆರಿಗೆ ಪದ್ಧತಿಯನ್ನೇ ಅನ್ವಯಿಸುತ್ತದೆ. ಅದರಲ್ಲಿ ಸಂಬಳದಾರರಿಗೆ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಅಂದರೆ ಅಷ್ಟು ಮೊತ್ತವನ್ನು ಸಂಬಳದಿಂದ ಮೊದಲೇ ಕಳೆದು ತೆರಿಗೆ ಲೆಕ್ಕ ಹಾಕುತ್ತಾರೆ. ನಂತರದ ಆದಾಯದಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ; 4ರಿಂದ 8 ಲಕ್ಷದ ಭಾಗಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರಾಚೆಗೆ ಶೇ. 30. ತೆರಿಗೆಯ ಮೇಲೆ ಶೇ. 4 ಸೆಸ್. ತೆರಿಗೆಗೊಳಪಡುವ ಆದಾಯ 12 ಲಕ್ಷ ಮೀರದಿದ್ದರೆ ರಿಬೇಟ್ ಬಂದು ತೆರಿಗೆ ಸೊನ್ನೆಯಾಗುತ್ತದೆ, ಹಾಗಾಗಿ ಸಂಬಳದಾರರಿಗೆ 12.75 ಲಕ್ಷದವರೆಗೆ ಚಿಂತೆಯಿಲ್ಲ.

ಟಿಡಿಎಸ್ ಎಂಬುದು ತಿಂಗಳ ಸಂಬಳದ ಮೇಲೆ ಹಾಕುವ ತೆರಿಗೆಯಲ್ಲ. ಆ ಆರ್ಥಿಕ ವರ್ಷದಲ್ಲಿ ನಿಮಗೆ ಬರಬಹುದಾದ ಒಟ್ಟು ಸಂಬಳವನ್ನು ಅಂದಾಜಿಸಿ, ವರ್ಷದ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚುತ್ತಾರೆ. ತಿಂಗಳಿಗೆ 1,20,000 ರೂ. ಗ್ರಾಸ್ ಸಂಬಳಕ್ಕೆ ಜುಲೈ 1ರಂದು ಸೇರಿದ ಎಂಜಿನಿಯರ್‌ಗೆ ಮಾರ್ಚ್‌ವರೆಗೆ ಬರುವುದು ಒಂಬತ್ತು ತಿಂಗಳ 10,80,000 ರೂ.; ತೆರಿಗೆ ಸೊನ್ನೆ. ಮುಂದಿನ ಏಪ್ರಿಲ್‌ನಲ್ಲಿ ಲೆಕ್ಕ 14,40,000ಕ್ಕೆ ಏರುತ್ತದೆ. ಇವೇ ದರಗಳಲ್ಲಿ, 75,000 ಕಳೆದ 13,65,000ಕ್ಕೆ ತೆರಿಗೆ 84,750 ರೂ., ಸೆಸ್ ಸೇರಿ 88,140 ರೂ., ತಿಂಗಳಿಗೆ 7,345 ರೂ. ಸಂಬಳ ಒಂದು ರೂಪಾಯಿಯೂ ಬದಲಾಗದೆ ಏಪ್ರಿಲ್‌ನಲ್ಲಿ ಕೈಗೆ ಬರುವ ಹಣ ದಿಢೀರನೆ ಕುಸಿಯುವುದರ ಕಾರಣ ಇದು. ಮೊದಲ ವರ್ಷದ ಟೇಕ್ ಹೋಮ್ ನಂಬಿ ಕಾರಿನ ಕಂತು ಕಟ್ಟಿಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಲಿ.

ಅದೇ ಎಂಜಿನಿಯರ್‌ಗೆ ಎರಡು ಲಕ್ಷ ಜಾಯಿನಿಂಗ್ ಬೋನಸ್ ಬಂದರೆ ಒಟ್ಟು 12,80,000 ಆಗಿ, ತೆರಿಗೆಗೊಳಪಡುವ ಆದಾಯ 12,05,000ಕ್ಕೆ ಮುಟ್ಟುತ್ತದೆ. ಐದು ಸಾವಿರ ಮೀರಿದ್ದಕ್ಕೆ 60,750 ರೂ. ತೆರಿಗೆ ಬೀಳಬೇಕಿತ್ತು, ಆದರೆ ಮಾರ್ಜಿನಲ್ ರಿಲೀಫ್ ಎಂಬ ರಿಯಾಯಿತಿ ಅದನ್ನು ಮೀರಿದ ಮೊತ್ತಕ್ಕೇ, ಅಂದರೆ 5,000 ರೂ.ಗೆ ತಡೆಯುತ್ತದೆ; ಸೆಸ್ ಸೇರಿ 5,200 ರೂ. ಚೀಟಿಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಕಡಿದಿದ್ದರೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಈಗ ಗೊತ್ತಾಯಿತು.

ಹಳೆಯ ಪದ್ಧತಿಯಲ್ಲಿ 80ಸಿ ಅಡಿ ಒಂದೂವರೆ ಲಕ್ಷದವರೆಗಿನ ಉಳಿತಾಯ, ಮನೆ ಬಾಡಿಗೆ, ವೃತ್ತಿ ತೆರಿಗೆ ಇವುಗಳಿಗೆ ವಿನಾಯಿತಿ ಇದೆ. ಹೊಸದರಲ್ಲಿ ಇವು ಯಾವುವೂ ಇಲ್ಲ. ಮೊದಲ ಕೆಲಸದ ಸಂಬಳ 12.75 ಲಕ್ಷದೊಳಗಿದ್ದರೆ ಹಳೆಯ ಪದ್ಧತಿಯ ಗೊಡವೆಗೇ ಹೋಗಬೇಕಾಗಿಲ್ಲ. ಫೆಬ್ರುವರಿಯಲ್ಲಿ ‘ತೆರಿಗೆ ಉಳಿಸಿ’ ಎಂದು ವಿಮಾ ಪಾಲಿಸಿ ಹಿಡಿದು ಬರುವ ಬಂಧುಗಳಿಗೆ ಈ ಒಂದು ಸಂಗತಿಯನ್ನು ವಿನಯದಿಂದ ತಿಳಿಸಬಹುದು. ಹಳೆಯದನ್ನು ಆರಿಸಿ, ಜನವರಿ-ಫೆಬ್ರುವರಿಯಲ್ಲಿ ದಾಖಲೆ ಕೊಡಲು ತಪ್ಪಿದರೆ, ವರ್ಷದ ತೆರಿಗೆಯೆಲ್ಲ ಕೊನೆಯ ಎರಡು ತಿಂಗಳ ಸಂಬಳದ ಮೇಲೆ ಬೀಳುತ್ತದೆ. ಪ್ಯಾನ್ ಸಂಖ್ಯೆಯನ್ನು ಕಂಪನಿಗೆ ಕೊಡದಿದ್ದರೆ, ತೆರಿಗೆಗೊಳಪಡುವಷ್ಟು ಸಂಬಳ ಇರುವವರಿಂದ ಕನಿಷ್ಠ ಶೇ. 20ರ ದರದಲ್ಲಿ ಕಡಿಯುತ್ತಾರೆ.

ಹಂತ 6: ಮೊದಲ ಚೀಟಿಯನ್ನು ಸಾಲು ಸಾಲಾಗಿ ತಾಳೆ ನೋಡಿ

ಮೊದಲ ತಿಂಗಳು ಸಾಮಾನ್ಯವಾಗಿ ಪೂರ್ಣ ತಿಂಗಳಾಗಿರುವುದಿಲ್ಲ. ನಮ್ಮ ಮಾದರಿಯ ನೌಕರ ಜೂನ್ 16ರಂದು ಸೇರಿದ್ದರೆ ಮೂವತ್ತರಲ್ಲಿ ಹದಿನೈದು ದಿನಗಳ ಗ್ರಾಸ್ 21,250 ರೂ. ಮೂಲ ವೇತನ 12,500 ಆದ್ದರಿಂದ ಪಿಎಫ್ 1,500 ರೂ. ಆ ತಿಂಗಳ ಸಂಬಳ 25,000 ಮುಟ್ಟದ ಕಾರಣ ವೃತ್ತಿ ತೆರಿಗೆ ಇರಬಾರದು. ಕೈಗೆ 19,750 ರೂ. ತಿಂಗಳ ಕೊನೆಯ ವಾರದಲ್ಲಿ ಸೇರಿದವರ ಸಂಬಳ ಕೆಲವು ಕಂಪನಿಗಳಲ್ಲಿ ಮುಂದಿನ ತಿಂಗಳ ಜೊತೆಗೆ ಬರುತ್ತದೆ. ಇದನ್ನು ಎಚ್‌ಆರ್ ಬಳಿ ಮೊದಲೇ ಕೇಳಿಕೊಂಡರೆ ಬಾಡಿಗೆಯ ಮುಂಗಡಕ್ಕೆ ಸಾಲ ಮಾಡುವ ಪ್ರಮೇಯ ತಪ್ಪೀತು.

ಚೀಟಿಯಲ್ಲಿ ಎಲ್‌ಒಪಿ ಎಂಬ ಸಾಲು ಇದ್ದರೆ ಅದು ಸಂಬಳವಿಲ್ಲದ ರಜೆ. ಮಾಡದ ರಜೆಗೆ ಕಡಿತವಾಗಿದ್ದರೆ ಹಾಜರಾತಿ ದಾಖಲೆಯನ್ನು ಪಡೆದು ಬರವಣಿಗೆಯಲ್ಲಿ ಕೇಳಿ. ಕಡಿತದ ಕಾಲಂನಲ್ಲಿ ಕಂಪನಿಯ ಪಿಎಫ್ ಪಾಲೂ ಕಾಣಿಸಿದರೆ ಗಳಿಕೆಯ ಕಾಲಂ ಅನ್ನೂ ನೋಡಿ. ಕೆಲವು ಚೀಟಿಗಳಲ್ಲಿ ಆ ಮೊತ್ತವನ್ನು ಅತ್ತ ಸೇರಿಸಿ ಇತ್ತ ಕಳೆದಿರುತ್ತಾರೆ, ಅದರಿಂದ ನಷ್ಟವಿಲ್ಲ. ಅತ್ತ ಸೇರಿಸದೆ ಇತ್ತ ಮಾತ್ರ ಕಳೆದಿದ್ದರೆ ಅದು ನಿಮ್ಮ ಹಣ. ವೇತನ ಸಂಹಿತೆಯ ಪ್ರಕಾರ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರುವಂತಿಲ್ಲ, ಮತ್ತು ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು.

ಚೀಟಿಯಲ್ಲಿ ಕಡಿದದ್ದು ಸರ್ಕಾರಕ್ಕೆ ತಲುಪಿದೆಯೇ ಎಂಬುದನ್ನೂ ನೋಡಬೇಕು. ಪಿಎಫ್‌ಗೆ ಪಾಸ್‌ಬುಕ್, ಆದಾಯ ತೆರಿಗೆಗೆ ಇಲಾಖೆಯ ತಾಣದಲ್ಲಿರುವ 26ಎಎಸ್ ವಿವರಪಟ್ಟಿ. ಕಡಿದ ಹಣವನ್ನು ಕಟ್ಟದೆ ತಮ್ಮ ವ್ಯವಹಾರಕ್ಕೆ ಬಳಸಿಕೊಳ್ಳುವ ಸಣ್ಣ ಸಂಸ್ಥೆಗಳಿಲ್ಲದಿಲ್ಲ. ಮೂರು ತಿಂಗಳಾದರೂ ಪಾಸ್‌ಬುಕ್ ಖಾಲಿ ಇದ್ದರೆ ಮೊದಲು ಕಂಪನಿಗೆ ಬರೆದು ಕೇಳಿ, ಉತ್ತರ ಬಾರದಿದ್ದರೆ ಇಪಿಎಫ್‌ಒದ ದೂರು ತಾಣದಲ್ಲಿ ಚೀಟಿಗಳ ಪ್ರತಿಯೊಡನೆ ದೂರು ದಾಖಲಿಸಿ. ಪ್ರತಿ ತಿಂಗಳ ಚೀಟಿಯನ್ನು ಸ್ವಂತ ಇ-ಮೇಲ್‌ಗೆ ಕಳಿಸಿಕೊಳ್ಳುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲಸ ಬಿಟ್ಟ ದಿನವೇ ಕಂಪನಿಯ ಪೋರ್ಟಲ್ ಮುಚ್ಚಿಹೋಗುತ್ತದೆ.

ಹಂತ 7: ವರ್ಷದ ನಡುವೆ ಕೆಲಸ ಬದಲಿಸಿದರೆ

ಹೊಸ ಕಂಪನಿಗೆ ಹಳೆಯ ಯುಎಎನ್ ಅನ್ನೇ ಕೊಡಿ, ಹಳೆಯ ಪಿಎಫ್ ಹಣವನ್ನು ವರ್ಗಾಯಿಸಿಕೊಳ್ಳಿ. ಐದು ವರ್ಷಗಳ ಸೇವೆ ತುಂಬುವ ಮೊದಲು ಹಿಂಪಡೆದ ಪಿಎಫ್ ಹಣ ಸಾಮಾನ್ಯವಾಗಿ ತೆರಿಗೆಗೆ ಒಳಪಡುತ್ತದೆ. ವರ್ಗಾಯಿಸಿದರೆ ಸೇವೆಯ ಅವಧಿ ಮುಂದುವರಿಯುತ್ತದೆ. ಜೊತೆಗೆ ಆ ವರ್ಷ ಹಳೆಯ ಕಂಪನಿಯಲ್ಲಿ ಪಡೆದ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಫಾರ್ಮ್ 12ಬಿಯಲ್ಲಿ ಹೊಸ ಕಂಪನಿಗೆ ಸಲ್ಲಿಸಿ. ಸಲ್ಲಿಸದಿದ್ದರೆ ಎರಡೂ ಕಂಪನಿಗಳು ತಮ್ಮ ತಮ್ಮ ಆರು ತಿಂಗಳ ಸಂಬಳವನ್ನೇ ವರ್ಷದ ಆದಾಯವೆಂದು ತಿಳಿದು, 75,000 ರೂ.ಗಳನ್ನು ಇಬ್ಬರೂ ಕಳೆದು, ರಿಬೇಟನ್ನೂ ಇಬ್ಬರೂ ಕೊಟ್ಟು, ಟಿಡಿಎಸ್ ಸೊನ್ನೆ ಎಂದು ತೋರಿಸುತ್ತವೆ. ಜೂನ್ ಮಧ್ಯದ ವೇಳೆಗೆ ಎರಡು ಫಾರ್ಮ್ 16, ಅಂದರೆ ಕಂಪನಿಗಳು ಕೊಡುವ ಟಿಡಿಎಸ್ ಪ್ರಮಾಣಪತ್ರಗಳು, ಕೈಗೆ ಬರುತ್ತವೆ. ಅವನ್ನು ಕೂಡಿಸಿ ರಿಟರ್ನ್ ತುಂಬುವಾಗ ವರ್ಷದ ತೆರಿಗೆಯೆಲ್ಲ ಬಡ್ಡಿಯೊಡನೆ ಒಟ್ಟಿಗೆ ಕಟ್ಟಬೇಕಾಗುತ್ತದೆ.